ಅರ್ಧ ಬಿದ್ದ ಕಟ್ಟಡಕ್ಕೆ ಮೊದಲ ಆಸರೆ

ಈ ಸಲದ ಓದುಗರ ಪ್ರಶ್ನೆಗಳೆಲ್ಲ ಒಂದೇ ವಿಷಯದ ಮೇಲಿವೆ. ಹಳೆಯ ಕಟ್ಟಡವೊಂದರ ಒಂದು ಭಾಗ ಬಿದ್ದಿದೆ, ಉಳಿದದ್ದು ಇವತ್ತೋ ನಾಳೆಯೋ ಅನ್ನೋ ಹಾಗಿದೆ, ಪೂರ್ತಿ ದುರಸ್ತಿಗೆ ದುಡ್ಡೂ ಅನುಮತಿಯೂ ಬರುವವರೆಗೆ ಅದನ್ನು ನಿಲ್ಲಿಸಿಕೊಳ್ಳುವುದು ಹೇಗೆ? ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದದವನ್ನು ಮೊಟಕು ಮಾಡಿದ್ದೇನೆ. ಪತ್ರದ ಜೊತೆ ಫೋಟೊ ಕಳಿಸಿ "ಇದು ಬೀಳುತ್ತಾ?" ಎಂದು ಕೇಳಿದವರಿಗೆ ಮಾತ್ರ ಇಲ್ಲಿ ಉತ್ತರವಿಲ್ಲ. ಫೋಟೊ ನೋಡಿ ಅದನ್ನು ಹೇಳುವವರನ್ನು ನಂಬಲೂಬೇಡಿ.

ಪ್ರಶ್ನೆ: ಹಳೆಯ ಕಲ್ಲಿನ ಕಟ್ಟಡದ ಒಂದು ಮೂಲೆ ರಾತ್ರಿ ಕುಸಿದಿದೆ. ಬೆಳಿಗ್ಗೆಯಿಂದ ಎಲ್ಲರೂ ಸೇರಿ ಕಲ್ಲು ಮಣ್ಣು ತೆಗೆದು ಜಾಗ ಚೊಕ್ಕಟ ಮಾಡುತ್ತಿದ್ದಾರೆ. ಸರಿ ತಾನೇ?

ಸರಿಯಲ್ಲ. ಮೊದಲು ಎಲ್ಲರನ್ನೂ ಆಚೆ ಕರೆಸಿ. ನಿಂತಿರುವ ಗೋಡೆ ಎಷ್ಟು ಎತ್ತರವಿದೆಯೋ ಅದರ ಒಂದೂವರೆ ಪಟ್ಟು ದೂರಕ್ಕೆ ಹಗ್ಗ ಕಟ್ಟಿ, ಸುತ್ತಲೂ. ಒಳಗಿನಿಂದಲೂ ಅಷ್ಟೇ, ಯಾಕೆಂದರೆ ಗೋಡೆ ಹೊರಗೇ ಬೀಳಬೇಕು ಅಂತ ನಿಯಮವೇನಿಲ್ಲ.

ಇಟಲಿಯ ಅಸ್ಸೀಸಿ ಪಟ್ಟಣದಲ್ಲಿ ಸಂತ ಫ್ರಾನ್ಸಿಸರ ಬೆಸಿಲಿಕಾ ಇದೆ. 1997ರ ಸೆಪ್ಟೆಂಬರ್ 26ರ ನಡುರಾತ್ರಿ ಅಲ್ಲಿ ಭೂಕಂಪವಾಯಿತು. ಕಟ್ಟಡಕ್ಕೆ ಪೆಟ್ಟು ಬಿತ್ತು, ಆದರೆ ನಿಂತಿತ್ತು. ಬೆಳಿಗ್ಗೆ ಏನೇನು ಹಾಳಾಗಿದೆ ನೋಡೋಣ ಎಂದು ತಜ್ಞರೂ ಪಾದ್ರಿಗಳೂ ಒಳಗೆ ಹೋದರು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಎರಡನೇ ಸಲ ನೆಲ ನಡುಗಿತು, ಕಮಾನು ಚಾವಣಿಯ ಒಂದು ಭಾಗ ಅವರ ಮೇಲೇ ಬಿತ್ತು. ನಾಲ್ಕು ಜನ ತೀರಿಕೊಂಡರು. ಹೋದವರು ತಿಳಿಯದವರಲ್ಲ, ಕೆಲಸ ಗೊತ್ತಿದ್ದವರೇ.

ಇನ್ನು ಆ ಕಲ್ಲುರಾಶಿ. ಬಿದ್ದ ಮಣ್ಣು ಕಲ್ಲು ಉಳಿದ ಗೋಡೆಯ ಬುಡಕ್ಕೆ ಒರಗಿಕೊಂಡಿದ್ದರೆ, ಸದ್ಯಕ್ಕೆ ಆ ಗೋಡೆಗೆ ಇರುವ ಆಸರೆಯೇ ಅದು. ಅದನ್ನು ತೆಗೆದ ಮರುಗಳಿಗೆ ಗೋಡೆ ಬಂದದ್ದೂ ಉಂಟು. ಆದ್ದರಿಂದ ಆಸರೆ ಕೊಟ್ಟಮೇಲೆ ರಾಶಿ ತೆಗೆಯುವುದು, ಮೊದಲಲ್ಲ. ತೆಗೆಯುವಾಗಲೂ ಜೆಸಿಬಿ ತಂದು ಬಾಚಬೇಡಿ. ಎಲ್ಲಾ ಕಡೆಯಿಂದ ಫೋಟೊ ತೆಗೆದು, ಕೆತ್ತಿದ ಕಲ್ಲು, ಕಮಾನಿನ ಕಲ್ಲು, ಮೂಲೆಗಲ್ಲು, ತೊಲೆಯ ತುಂಡು ಇವಕ್ಕೆಲ್ಲ ನಂಬರ್ ಹಾಕಿ, ಎಲ್ಲಿ ಬಿದ್ದಿತ್ತು ಎಂದು ಬರೆದು, ನೆಲಕ್ಕೆ ತಾಗದಂತೆ ಮರದ ಮೇಲೆ ಜೋಡಿಸಿ. ಯಾವ ಕಲ್ಲು ಯಾವುದರ ಮೇಲೆ ಬಿದ್ದಿದೆ ಎನ್ನುವುದರಲ್ಲೇ ಗೋಡೆ ಹೇಗೆ ಕುಸಿಯಿತು ಎನ್ನುವ ಸುಳಿವು ಇರುತ್ತದೆ. ಟ್ರ್ಯಾಕ್ಟರಿಗೆ ತುಂಬಿ ಕಳಿಸಿದ ಮೇಲೆ ಅದನ್ನು ಯಾರೂ ಹೇಳಲಾರರು.

ಪ್ರಶ್ನೆ: ಗೋಡೆ ಹೊರಗಡೆಗೆ ವಾಲಿದೆ. ಜಾಕ್ ಕೊಟ್ಟು ದಿನಾ ಸ್ವಲ್ಪ ಸ್ವಲ್ಪ ತಳ್ಳಿದರೆ ನೇರ ಆಗುತ್ತೆ ಅಂತ ಒಬ್ಬರು ಹೇಳಿದರು. ಮಾಡಿಸಬಹುದಾ?

ದಯವಿಟ್ಟು ಬೇಡ. ವಾಲಿದ ಗೋಡೆಯ ಬಿರುಕಿನೊಳಗೆ ಈಗಾಗಲೇ ಮಣ್ಣು, ಜಲ್ಲಿ, ಗಾರೆ ಪುಡಿ ಇಳಿದು ತುಂಬಿಕೊಂಡಿರುತ್ತದೆ. ಹಿಂದಕ್ಕೆ ತಳ್ಳಿದರೆ ಅದು ಮುಚ್ಚಿಕೊಳ್ಳುವುದಿಲ್ಲ, ಇನ್ನೊಂದು ಕಡೆ ಒಡೆಯುತ್ತದೆ. ತುರ್ತು ಆಸರೆಯ ಕೆಲಸ ಗೋಡೆಯನ್ನು ಎಲ್ಲಿದೆಯೋ ಅಲ್ಲೇ ಹಿಡಿಯುವುದು, ಅಷ್ಟೇ. ನೇರ ಮಾಡಬೇಕೋ ಬೇಡವೋ ಎನ್ನುವುದು ಆಮೇಲಿನ ಮಾತು, ಬಹಳ ಸಲ ಬೇಕಾಗುವುದೂ ಇಲ್ಲ.

ವಾಲಿದೆ ಅಂದಮಾತ್ರಕ್ಕೆ ಬೀಳುತ್ತದೆ ಅಂತಲೂ ಅಲ್ಲ. ಗೋಡೆಯ ಭಾರ ಅದರ ದಪ್ಪದ ನಡುವಿನ ಮೂರನೇ ಒಂದು ಪಾಲಿನೊಳಗೆ ಇಳಿಯುತ್ತಿದ್ದರೆ ಬುಡ ಎಲ್ಲೂ ಬಾಯಿ ಬಿಡುವುದಿಲ್ಲ. 60 ಸೆಂ.ಮೀ. ದಪ್ಪದ ಗಟ್ಟಿ ಗೋಡೆ ಬುಡದಿಂದ ತುದಿಯವರೆಗೆ ಒಂದೇ ಸಮನೆ ವಾಲಿದೆ ಅನ್ನಿ, ತುದಿ 20 ಸೆಂ.ಮೀ. ಹೊರಗೆ ಬರುವವರೆಗೂ ಲೆಕ್ಕ ಸರಿಹೋಗುತ್ತದೆ. ಆದರೆ ಇದು ಒಳಗೂ ಹೊರಗೂ ಒಂದೇ ಆಗಿರುವ ಗೋಡೆಯ ಮಾತು. ಹಳೆಯ ದಪ್ಪ ಗೋಡೆಗಳಲ್ಲಿ ಹೆಚ್ಚಿನವು ಹಾಗಿರುವುದಿಲ್ಲ, ಎರಡು ಮೈಗೆ ಒಳ್ಳೆಯ ಕಲ್ಲು ಕಟ್ಟಿ ನಡುವೆ ಜಲ್ಲಿ, ಮಣ್ಣು, ಸುಣ್ಣ ಸುರಿದಿರುತ್ತಾರೆ. ಅಂಥ ಗೋಡೆಯ ಹೊರಮೈ ಒಂದೇ ಉಬ್ಬಿಕೊಂಡು ಒಳಮೈಯಿಂದ ಬಿಟ್ಟಿದ್ದರೆ, ಅದನ್ನು 60 ಸೆಂ.ಮೀ. ಗೋಡೆ ಅಂತ ನಂಬಿ ಲೆಕ್ಕ ಹಾಕಿದರೆ ಕೆಟ್ಟಿತು. ಕೆಲಸಕ್ಕೆ ಉಳಿದಿರುವುದು 20 ಸೆಂ.ಮೀ. ಮಾತ್ರ ಇರಬಹುದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಿಟ್ಟ ಜಾಗದಲ್ಲಿ ಪೊಳ್ಳು ಸದ್ದು ಬರುತ್ತದೆ. ಇದನ್ನು ಗಟ್ಟಿ ಇರುವ ಕಡೆಯಿಂದ ಶುರುಮಾಡಬೇಕು, ಉಬ್ಬಿನ ಕೆಳಗೆ ನಿಂತು ತಟ್ಟುವುದಲ್ಲ.

ಆಸರೆ ಕೊಡುವ ಕ್ರಮ ಹೀಗೆ. ಗೋಡೆಯ ಮೈಗೆ ಉದ್ದುದ್ದ ದಪ್ಪ ಹಲಗೆ, ಹಲಗೆಗೂ ಕಲ್ಲಿಗೂ ನಡುವೆ ಮೆತ್ತನೆಯದು ಏನಾದರೂ, ಗೋಣಿ ಅಥವಾ ರಬ್ಬರ್ ಹಾಳೆ. ಆ ಹಲಗೆಗೆ ಓರೆಯಾಗಿ ತೊಲೆ ಅಥವಾ ಕಬ್ಬಿಣದ ಪೈಪು, ನೆಲದಿಂದ ಸುಮಾರು 60ರಿಂದ 70 ಡಿಗ್ರಿ. ತೊಲೆಯ ಬುಡಕ್ಕೆ ಅಗಲವಾದ ಅಡಿಹಲಗೆ ಬೇಕೇ ಬೇಕು. ಬರೀ ಮಣ್ಣಿನ ಮೇಲೆ ನಿಲ್ಲಿಸಿದ ತೊಲೆ ಮೊದಲ ಮಳೆಗೇ ಅರ್ಧ ಗೇಣು ಇಳಿಯುತ್ತದೆ, ಆಮೇಲೆ ಅದು ನೋಡೋಕೆ ಮಾತ್ರ ಆಸರೆ. ಬುಡದಲ್ಲಿ ಎರಡು ಬೆಣೆ, ಎದುರುಬದುರು. ಬೆಣೆಯನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಬನ್ನಿ, ತೊಲೆ ಅಲ್ಲಾಡುವುದು ನಿಂತ ಕೂಡಲೇ ನಿಲ್ಲಿಸಿ. ಇನ್ನೂ ನಾಲ್ಕು ಏಟು ಹಾಕೋಣ ಅಂತ ಕೈ ತುರಿಸುತ್ತದೆ, ಹಾಕಬೇಡಿ, ಆ ನಾಲ್ಕು ಏಟಿಗೆ ಒಳಗಿನ ಗಾರೆ ಸಡಿಲವಾಗುತ್ತದೆ.

ತೊಲೆಯ ಮೇಲ್ತುದಿ ಎಲ್ಲಿ ಮುಟ್ಟಬೇಕು ಎನ್ನುವುದೂ ಮುಖ್ಯ. ಒಳಗೆ ಅಟ್ಟವೋ ಅಡ್ಡಗೋಡೆಯೋ ಇರುವ ಮಟ್ಟಕ್ಕೇ ಬರಬೇಕು. ಒಳಗೆ ಏನೂ ಇಲ್ಲದ ಕಡೆ ಹೊರಗಿನಿಂದ ಮಾತ್ರ ಆಸರೆ ಕೊಟ್ಟರೆ ಗಾಳಿಗೆ ಗೋಡೆ ಒಳಕ್ಕೆ ಮಗುಚಬಹುದು, ಹಾಗಾಗಿ ಎರಡೂ ಕಡೆಯಿಂದ ಹಿಡಿಯಬೇಕು. ತೊಲೆ ನಿಲ್ಲಿಸಲು ಗೋಡೆಯ ಬುಡದಲ್ಲೇ ಗುಂಡಿ ತೋಡುವವರಿದ್ದಾರೆ. ಅಡಿಪಾಯದ ಪಕ್ಕ ಅಗೆಯಬೇಡಿ, ಬೇಕಿದ್ದರೆ ದೂರದಲ್ಲಿ ಕಾಂಕ್ರೀಟ್ ದಿಮ್ಮಿಗಳ ಭಾರ ಹೇರಿ ನಿಲ್ಲಿಸಿ.

ಪ್ರಶ್ನೆ: ಕಮಾನಿನ ನಡುವಿನ ಕಲ್ಲು ಒಂದು ಬೆರಳಿನಷ್ಟು ಜಾರಿದೆ. ಪಕ್ಕದ ಕಮಾನು ಬಿದ್ದುಹೋಗಿದೆ. ಇದನ್ನಾದರೂ ಉಳಿಸಿಕೊಳ್ಳಬಹುದೇ?

ಉಳಿಸಿಕೊಳ್ಳಬಹುದು, ತಡಮಾಡಬೇಡಿ. ಸಾಲು ಕಮಾನುಗಳು ಒಂದನ್ನೊಂದು ತಳ್ಳಿಕೊಂಡು ನಿಂತಿರುತ್ತವೆ. ಒಂದು ಹೋದರೆ ಅದರ ಪಕ್ಕದ ಕಂಬಕ್ಕೆ ಒಂದೇ ಕಡೆಯಿಂದ ಒತ್ತಡ ಉಳಿಯುತ್ತದೆ. ಕಂಬ ಸ್ವಲ್ಪ ಸರಿದರೂ ಸಾಕು, ಕಮಾನು ಅಗಲವಾಗಿ ನಡುವಿನ ಕಲ್ಲು ಜಾರುತ್ತದೆ. ಅಂದರೆ ನಿಮ್ಮ ತೊಂದರೆ ಕಾಣುತ್ತಿರುವುದು ನಡುಗಲ್ಲಿನಲ್ಲಿ, ಇರುವುದು ಕಂಬದಲ್ಲಿ. ಕಮಾನಿನ ಕೆಳಗೆ ಸೆಂಟ್ರಿಂಗ್ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ, ಕಂಬಕ್ಕೆ ಹೊರಗಿನಿಂದ ಓರೆ ಆಸರೆ ಬೇಕು, ಅಥವಾ ಎರಡು ಕಂಬ ಸೇರಿಸಿ ಕಬ್ಬಿಣದ ಸರಳಿನಿಂದ ಎಳೆದು ಕಟ್ಟಬೇಕು.

ಕಮಾನನ್ನು ಇಟ್ಟಿಗೆಯಿಂದ ಪೂರ್ತಿ ತುಂಬಿಬಿಡುವುದೂ ಒಂದು ದಾರಿ. ರೋಮ್‌ನ ಕೊಲೋಸಿಯಂಗೆ ಹೋದವರು, ಅಥವಾ ಅದರ ಚಿತ್ರ ನೋಡಿದವರು, ಹೊರಗೋಡೆ ತುಂಡಾಗಿ ನಿಂತ ಕಡೆ ಒಂದು ದೊಡ್ಡ ಇಟ್ಟಿಗೆ ಆನಿಕೆಯನ್ನು ಗಮನಿಸಿರಬಹುದು. ಭೂಕಂಪದಿಂದ ಆ ತುದಿ ಕಳಚಿಕೊಳ್ಳುತ್ತಿದ್ದಾಗ 1806-07ರಲ್ಲಿ ವಾಸ್ತುಶಿಲ್ಪಿ ರಫಾಯೆಲೆ ಸ್ಟೆರ್ನ್ ಅದನ್ನು ಕಟ್ಟಿಸಿದರು. ಪಕ್ಕದ ಕಮಾನುಗಳನ್ನೂ ಇಟ್ಟಿಗೆಯಿಂದ ತುಂಬಿಸಿದರು. ಜಾರಿದ ಕಲ್ಲನ್ನು ಮೇಲೆತ್ತುವ ಗೋಜಿಗೆ ಅವರು ಹೋಗಲಿಲ್ಲ. ಜಾರಿದ್ದು ಎಲ್ಲಿಗೆ ಬಂದಿತ್ತೋ ಅಲ್ಲಿಗೇ ಇಟ್ಟಿಗೆ ಕೊಟ್ಟರು. ಇವತ್ತಿಗೂ ಆ ಕಲ್ಲುಗಳು ಬೀಳುತ್ತಾ ಬೀಳುತ್ತಾ ನಿಂತುಬಿಟ್ಟ ಹಾಗೆ ಕಾಣುತ್ತವೆ. ಚಂದ ಇಲ್ಲ ಅನ್ನುವವರಿದ್ದಾರೆ. ನನಗಂತೂ ಇಡೀ ಕಟ್ಟಡದಲ್ಲಿ ಇಷ್ಟವಾದ ಭಾಗವೇ ಅದು.

ನೀವು ಇಟ್ಟಿಗೆ ತುಂಬಿಸಿದರೆ ಹಳೆಯ ಕಲ್ಲಿಗೂ ಹೊಸ ಇಟ್ಟಿಗೆಗೂ ನಡುವೆ ಬಟ್ಟೆಯೋ ಹಾಳೆಯೋ ಇರಲಿ, ಗಾರೆ ಮೆದು ಇರಲಿ. ಮುಂದೆ ಬಿಚ್ಚುವಾಗ ಕಲ್ಲಿನ ಮೈ ಕಿತ್ತು ಬರಬಾರದು.

ಪ್ರಶ್ನೆ: ಮೇಲ್ಛಾವಣಿ ಹೋಗಿದೆ, ಮಳೆಗಾಲ ಹತ್ತಿರ ಬಂತು. ಸದ್ಯಕ್ಕೆ ಟಾರ್ಪಾಲಿನ್ ಸುತ್ತಿದರೆ ಸಾಕಾ?

ಹೊದಿಸಿ, ಸುತ್ತಬೇಡಿ. ಗೋಡೆಗೆ ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಆರುವುದೇ ಇಲ್ಲ, ಪಾಚಿ ಬರುತ್ತದೆ, ಮರವಿದ್ದರೆ ಬೂಸ್ಟು ಹಿಡಿಯುತ್ತದೆ.

ಬಯಲಾದ ಗೋಡೆಯ ಶತ್ರು ಮೇಲಿನಿಂದ ಇಳಿಯುವ ನೀರು. ಮೈಗೆ ಹೊಡೆಯುವ ಮಳೆಗಿಂತ ಗೋಡೆಯ ತಲೆಯ ಮೇಲೆ ನಿಂತು ಒಳಗಿಳಿಯುವ ನೀರೇ ಜಾಸ್ತಿ ಕೆಡಿಸುವುದು. ಅದು ನಡುವಿನ ಮಣ್ಣನ್ನು ತೊಳೆಯುತ್ತದೆ, ಸಡಿಲವಾದ ಜಲ್ಲಿ ಕೆಳಗಿಳಿದು ಕೂತು ಎರಡೂ ಮೈಯನ್ನು ಹೊರಕ್ಕೆ ದೂಡುತ್ತದೆ, ಆಗಲೇ ಹೊಟ್ಟೆ ಬರುವುದು. ಆದ್ದರಿಂದ ದುಡ್ಡು ಕಡಿಮೆ ಇದ್ದರೆ ಮೊದಲು ಗೋಡೆಯ ತಲೆ ಮುಚ್ಚಿ. ತಲೆಯ ಮೇಲೆ ಎರಡೂ ಪಕ್ಕ ಇಳಿಜಾರು ಬರುವ ಹಾಗೆ ಮರದ ಪಟ್ಟಿ, ಅದರ ಮೇಲೆ ಹೊದಿಕೆ, ಗಾಳಿ ಆಡಲು ಕೆಳಗೆ ಸಂದು. ಹೊದಿಕೆಯ ಅಂಚು ಗೋಡೆಯಿಂದ ಒಂದು ಗೇಣಾದರೂ ಆಚೆ ಬರಲಿ, ಇಲ್ಲದಿದ್ದರೆ ನೀರೆಲ್ಲ ಒಂದೇ ಕಡೆ ಗೋಡೆಯ ಮೇಲೇ ಸುರಿಯುತ್ತದೆ. ಹೊದಿಕೆಯ ಮೇಲೆ ಅಲ್ಲೇ ಸಿಕ್ಕ ಸಡಿಲ ಕಲ್ಲು ಹೇರಬೇಡಿ. ಗಾಳಿ ಬಂದಾಗ ಮೊದಲು ಕೆಳಗೆ ಬರುವುದೇ ಅವು. ಹಗ್ಗದಲ್ಲಿ ಮರಳು ಚೀಲ ಇಳಿಬಿಟ್ಟು ಎಳೆಯಿರಿ.

ಪೂರ್ತಿ ತಾತ್ಕಾಲಿಕ ಛಾವಣಿ ಹಾಕುವ ಶಕ್ತಿಯಿದ್ದರೆ ಅದರ ಕಂಬಗಳು ನೆಲದ ಮೇಲೆ ಸ್ವಂತವಾಗಿ ನಿಲ್ಲಬೇಕು, ಹಳೆಯ ಗೋಡೆಯ ಮೇಲೆ ಕೂರಬಾರದು. ದೊಡ್ಡ ತಗಡಿನ ಛಾವಣಿಗೆ ಗಾಳಿ ಸಿಕ್ಕರೆ ಅದು ಮೇಲಕ್ಕೂ ಎಳೆಯುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಮತ್ತೆ ಆ ಛಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಸೀದಾ ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಮೇಲೆ ಉಳಿಸಿದ್ದನ್ನು ಕೆಳಗೆ ಕಳೆದುಕೊಂಡ ಹಾಗಾಯಿತು, ಅಲ್ವಾ? ಪೈಪು ಹಾಕಿ ದೂರ ಬಿಡಿ, ಮುಚ್ಚಿಹೋದ ಹಳೆಯ ಚರಂಡಿ ಇದ್ದರೆ ಹೂಳು ತೆಗೆಸಿ.

ಪ್ರಶ್ನೆ: ಮೇಸ್ತ್ರಿಯವರು ಮೇಲಿನಿಂದ ಸಿಮೆಂಟ್ ನೀರು ಸುರಿದರೆ ಎಲ್ಲಾ ಬಿರುಕೂ ತುಂಬಿ ಬಂಡೆ ಥರ ಆಗುತ್ತೆ ಅಂತಾರೆ. ನೀವೇನಂತೀರಿ?

ಸುರಿದ ದಿನವೇ ಗೋಡೆ ಬಿದ್ದರೂ ಆಶ್ಚರ್ಯವಿಲ್ಲ. ಒಂದು ಮೀಟರ್ ಎತ್ತರ ನಿಂತ ಬರೀ ನೀರೇ ತನ್ನ ತಳದಲ್ಲಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಪಕ್ಕಕ್ಕೂ ಒತ್ತುತ್ತದೆ. ಸಿಮೆಂಟ್ ಹಾಲು ಅದಕ್ಕಿಂತ ಭಾರ. ಮೊದಲೇ ಉಬ್ಬಿದ ಮೈಯ ಒಳಗೆ ಅದನ್ನು ಮೂರು ಮೀಟರ್ ಸುರಿದರೆ ಏನಾಗುತ್ತದೆ ಲೆಕ್ಕ ಹಾಕಿ.

ಬೀಳದೆ ಉಳಿದರೂ ತೊಂದರೆಯೇ. ಸುಣ್ಣದ ಗಾರೆ ಮೆದು, ತೇವವನ್ನು ಹೊರಗೆ ಬಿಡುತ್ತದೆ, ಗೋಡೆ ಚೂರು ಕದಲಿದರೆ ತಾನೂ ಹೊಂದಿಕೊಳ್ಳುತ್ತದೆ. ಸಿಮೆಂಟ್ ಇದ್ಯಾವುದನ್ನೂ ಮಾಡುವುದಿಲ್ಲ. ಗಾರೆಯಲ್ಲಿ ಹೊರಬರಲು ದಾರಿಯಿಲ್ಲದ ತೇವ ಕಲ್ಲಿನ ಮೂಲಕ ಬರುತ್ತದೆ, ಜೊತೆಗೆ ಉಪ್ಪನ್ನೂ ತಂದು ಕಲ್ಲಿನ ಮೈ ಉದುರಿಸುತ್ತದೆ. ಹಳೆಯ ಗೋಡೆಯಲ್ಲಿ ಜಿಪ್ಸಂ ಇದ್ದರಂತೂ ಸಿಮೆಂಟಿನ ಜೊತೆ ಸೇರಿ ಉಬ್ಬುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಸಲ ಒಳಗೆ ಹೋದದ್ದನ್ನು ಮತ್ತೆ ತೆಗೆಯಲಾಗುವುದಿಲ್ಲ. ತುರ್ತಿನಲ್ಲಿ ಮಾಡಿದ್ದನ್ನೆಲ್ಲ ಆಮೇಲೆ ಬಿಚ್ಚಲು ಬರಬೇಕು.

ಈಗ ಮಾಡಬಹುದಾದದ್ದು ಇಷ್ಟು. ಕೈಗೆ ಸಿಗುವ ಸಂದುಗಳಿಗೆ ಚಿಕ್ಕ ಕಲ್ಲಿನ ಚೂರು ಕೊಟ್ಟು, ನೀರಿನಲ್ಲೂ ಗಟ್ಟಿಯಾಗುವ ಸುಣ್ಣದ ಗಾರೆ ಅಥವಾ ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆ ಒತ್ತುವುದು. ಒಳಗೆ ದ್ರವ ತುಂಬಲೇಬೇಕಾದರೆ ಹೊರಮೈಗೆ ಆಸರೆ ಕೊಟ್ಟಮೇಲೆ, ಸುಣ್ಣದ್ದೇ, ಕೆಳಗಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪ, ಒಂದು ಪದರ ಬಿಗಿದ ಮೇಲೆ ಇನ್ನೊಂದು. ನಿಮ್ಮ ಮೇಸ್ತ್ರಿಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರು ಕಲಿತದ್ದೇ ಸಿಮೆಂಟಿನಲ್ಲಿ.

ಪ್ರಶ್ನೆ: ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ದುಬಾರಿ ಯಂತ್ರಗಳು ಬೇಕಾ?

ಶುರುವಿಗೆ ಬೇಡ. ಬಿರುಕಿನ ಅಡ್ಡಕ್ಕೆ ಜಿಪ್ಸಂ ಪಟ್ಟಿ ಹಾಕಿ, ಮೇಲೆ ತಾರೀಕು ಗೀಚಿ. ಗಿಲಾವಿನ ಮೇಲಲ್ಲ, ಅದನ್ನು ಕೆರೆದು ಕಲ್ಲಿನ ಮೇಲೆ. ಪಟ್ಟಿ ಒಡೆದರೆ ಗೋಡೆ ಕದಲುತ್ತಿದೆ. ಎಷ್ಟು, ಯಾವ ಕಡೆಗೆ ಎಂದು ತಿಳಿಯಬೇಕಾದರೆ ಬಿರುಕಿನ ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಮೊಳೆ ಕೂರಿಸಿ ತ್ರಿಕೋನ ಮಾಡಿ, ಮೂರೂ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ದಿನವೂ ಒಂದೇ ಹೊತ್ತಿಗೆ ಅಳೆಯಬೇಕು. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ಬೆಳಿಗ್ಗೆಯ ಲೆಕ್ಕಕ್ಕೆ ಮಧ್ಯಾಹ್ನದ್ದು ಹೊಂದುವುದಿಲ್ಲ, ಸುಮ್ನೆ ಗಾಬರಿಯಾಗುತ್ತೀರಿ.

ವೆನಿಸ್‌ನ ಸೇಂಟ್ ಮಾರ್ಕ್ ಚೌಕದ ಗಂಟೆಗೋಪುರದಲ್ಲಿ 1902ರ ಜುಲೈನಲ್ಲಿ ಬಿರುಕು ಕಂಡಾಗ ಅದಕ್ಕೆ ಗಾಜಿನ ಪಟ್ಟಿ ಹಾಕಿ ಕಾದರು. ಗಾಜುಗಳು ಒಡೆದವು. ಚೌಕಕ್ಕೆ ಜನ ಬರದಂತೆ ತಡೆದರು. ಜುಲೈ 14ರ ಬೆಳಿಗ್ಗೆ ನೂರು ಮೀಟರಿನಷ್ಟು ಎತ್ತರದ ಆ ಗೋಪುರ ನಿಂತಲ್ಲೇ ಕುಸಿದು ರಾಶಿಯಾಯಿತು, ಒಬ್ಬರೂ ಸಾಯಲಿಲ್ಲ. ಅದೇ ಇಟಲಿಯ ಪಾವಿಯಾ ಊರಿನ ಗೋಪುರ 1989ರ ಮಾರ್ಚ್ 17ರಂದು ಬಿದ್ದಾಗ ನಾಲ್ಕು ಜನ ಸತ್ತರು. ಭೂಕಂಪವಿಲ್ಲ, ಬೆಂಕಿಯಿಲ್ಲ. ನೂರಾರು ವರ್ಷ ಒಂದೇ ಸಮನೆ ಭಾರ ಹೊತ್ತ ಗೋಡೆ ಒಳಗೊಳಗೇ ನಲುಗಿತ್ತು ಎಂದು ಆಮೇಲಿನ ಅಧ್ಯಯನಗಳು ಹೇಳಿದವು.

ಹಾಗಾಗಿ ದೊಡ್ಡ ಬಿರುಕನ್ನೇ ನೋಡುತ್ತಾ ಕೂರಬೇಡಿ. ಕಂಬದ ಬುಡದಲ್ಲಿ ಕೂದಲಿನಷ್ಟು ಸಣ್ಣ ಉದ್ದುದ್ದ ಸೀಳುಗಳು, ಒಂದರ ಪಕ್ಕ ಒಂದು, ನೇರವಾಗಿ ಮೇಲಿಂದ ಕೆಳಕ್ಕೆ ಬಂದರೆ ಕಲ್ಲು ಭಾರಕ್ಕೆ ಜಜ್ಜಿಹೋಗುತ್ತಿದೆ ಎಂದು ಅರ್ಥ. ಬಾಯಿ ಬಿಟ್ಟ ಹಳೆಯ ಓರೆ ಬಿರುಕಿಗಿಂತ ಇವುಗಳಿಗೆ ನಾನು ಹೆಚ್ಚು ಹೆದರುತ್ತೇನೆ. ಕಾರಣವಿಲ್ಲದೆ ಪುಡಿ ಉದುರುವುದು, ಸಣ್ಣ ಕಲ್ಲು ಬೀಳುವುದು, ಲಟ್ ಎಂದು ಸದ್ದು ಬರುವುದು, ಇವು ಕಂಡರೆ ಅಳತೆ ಬಿಟ್ಟು ಆಚೆ ಬನ್ನಿ.

ಪ್ರಶ್ನೆ: ಗೋಡೆಯಲ್ಲಿ ಅರಳಿ ಗಿಡ ಬೆಳೆದಿದೆ. ಕೀಳಿಸಲಾ?

ಕೀಳಬೇಡಿ, ಕತ್ತರಿಸಿ. ಬೇರು ಗೋಡೆಯ ಹೊಟ್ಟೆಯೊಳಗೆ ಹೋಗಿರುತ್ತದೆ, ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಮೇಲಿನ ಗಿಡ ಕತ್ತರಿಸಿ, ಚಿಗುರಿದಾಗೆಲ್ಲ ಮತ್ತೆ ಕತ್ತರಿಸಿ, ಬೇರು ಒಳಗೇ ಇರಲಿ. ಗೋಡೆ ಬಿಚ್ಚಿ ಕಟ್ಟುವ ದಿನ ಬಂದಾಗ ತೆಗೆದರಾಯಿತು.

ಪ್ರಶ್ನೆ: ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಸುಟ್ಟಿದ್ದು 2019ರಲ್ಲಿ. ಮರುನಿರ್ಮಾಣ ಶುರುವಾಗಲು ಎರಡು ವರ್ಷ ಯಾಕೆ ಬೇಕಾಯಿತು? ನಾನು ಸಿವಿಲ್ ವಿದ್ಯಾರ್ಥಿ.

ಒಳ್ಳೆಯ ಪ್ರಶ್ನೆ. ಆ ಎರಡು ವರ್ಷ ಪೂರ್ತಿ ನಾವಿಲ್ಲಿ ಮಾತಾಡುತ್ತಿರುವ ಕೆಲಸವೇ ನಡೆಯಿತು. ಏಪ್ರಿಲ್ 15ರ ಬೆಂಕಿಗೆ ಮರದ ಛಾವಣಿ ಸುಟ್ಟುಹೋಗಿ, ಶಿಖರ ಬಿದ್ದು, ಕಲ್ಲಿನ ಕಮಾನು ಚಾವಣಿಯಲ್ಲಿ ತೂತುಗಳಾದವು. ಹೊರಗಡೆ ಗೋಡೆಗೆ ಒರಗಿದ ದೊಡ್ಡ ಹಾರುಕಮಾನುಗಳಿವೆಯಲ್ಲ, ಅವು ಗೋಡೆಯನ್ನು ಒಳಕ್ಕೆ ಒತ್ತುತ್ತವೆ. ಒಳಗಿನ ಚಾವಣಿ ಹೊರಕ್ಕೆ ಒತ್ತುತ್ತದೆ. ಎರಡೂ ಸಮ ಇದ್ದುದರಿಂದಲೇ ಗೋಡೆ ನಿಂತಿತ್ತು. ಚಾವಣಿ ಸಡಿಲವಾದರೆ ಹಾರುಕಮಾನೇ ಗೋಡೆಯನ್ನು ಒಳಕ್ಕೆ ಕೆಡವಬಹುದು. ಅದಕ್ಕೇ 28 ಹಾರುಕಮಾನುಗಳ ಕೆಳಗೂ ಮರದ ಸೆಂಟ್ರಿಂಗ್ ಕೊಟ್ಟರು. ಚಾವಣಿಯ ಕೆಳಗೆ ಯಾರೂ ಹೋಗುವಂತಿರಲಿಲ್ಲ, ಅಲ್ಲಿನ ರಾಶಿಯನ್ನು ದೂರದಿಂದ ನಡೆಸುವ ಯಂತ್ರಗಳಿಂದ ತೆಗೆದರು.

ಅದಕ್ಕಿಂತ ಕಷ್ಟದ್ದು ಸ್ಕ್ಯಾಫೋಲ್ಡಿಂಗ್. ಬೆಂಕಿ ಬಿದ್ದಾಗ ಶಿಖರದ ದುರಸ್ತಿಗೆಂದು ಸುತ್ತಲೂ ಕಟ್ಟಿದ್ದ ಪೈಪುಗಳು ಬೆಂಕಿಗೆ ಬಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸುಮಾರು 40,000 ತುಂಡು, 200 ಟನ್. ಒಂದು ಪೈಪು ಕತ್ತರಿಸಿದರೆ ಉಳಿದದ್ದು ಯಾವ ಕಡೆ ಜಿಗಿಯುತ್ತದೆ ಹೇಳಲಾಗದು. ಮೊದಲು ಅದಕ್ಕೆ ಸುತ್ತಲೂ ಉಕ್ಕಿನ ತೊಲೆಗಳ ಪಟ್ಟಿ ಕಟ್ಟಿ ಹಿಡಿದುಕೊಂಡು, ಆಮೇಲೆ ಹಗ್ಗದಲ್ಲಿ ಇಳಿದ ಕೆಲಸಗಾರರು ತುಂಡು ತುಂಡಾಗಿ ಕತ್ತರಿಸಿದರು. 2020ರ ಜೂನ್‌ನಿಂದ ನವೆಂಬರ್‌ವರೆಗೆ ಅದೇ ಹಿಡಿಯಿತು. ನಡುವೆ ಸೀಸದ ಧೂಳು, ಕೊರೋನಾ ಎಂದು ಕೆಲಸ ನಿಂತದ್ದೂ ಇದೆ. ಬಾಗಿಲು ತೆರೆದದ್ದು 2024ರ ಡಿಸೆಂಬರ್‌ನಲ್ಲಿ. ನಿಮ್ಮ ಪಠ್ಯದಲ್ಲಿ ಕಟ್ಟುವುದರ ಬಗ್ಗೆ ಇರುವುದರ ಕಾಲುಭಾಗವಾದರೂ ಹಿಡಿದು ನಿಲ್ಲಿಸುವುದರ ಬಗ್ಗೆ ಇದ್ದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ತಾತ್ಕಾಲಿಕ ಆಸರೆ ಎಷ್ಟು ವರ್ಷ ಇರಬಹುದು? ನಮ್ಮಲ್ಲಿ ಕೊಟ್ಟು ಬಹಳ ವರ್ಷವಾಯಿತು, ಯಾರೂ ತಿರುಗಿ ನೋಡಿಲ್ಲ.

ಎರಡು ಉದಾಹರಣೆ ಹೇಳುತ್ತೇನೆ. ಮೇಲೆ ಹೇಳಿದ ಕೊಲೋಸಿಯಂ ಆನಿಕೆ ಇನ್ನೂರು ವರ್ಷ ದಾಟಿ ನಿಂತಿದೆ, ಅದು ಗಟ್ಟಿ ಇಟ್ಟಿಗೆ ಕೆಲಸ. ಪೀಸಾದ ವಾಲುಗೋಪುರಕ್ಕೆ 1993ರಲ್ಲಿ ವಾಲದ ಕಡೆಯ ಬುಡಕ್ಕೆ 600 ಟನ್ ಸೀಸದ ಗಟ್ಟಿ ಹೇರಿದರು, ಸಮಯ ಸಿಗಲಿ ಎಂದು. ನೋಡೋಕೆ ಕೆಟ್ಟದಾಗಿದೆ, ನೆಲದೊಳಗೆ ಕಾಣದ ಹಾಗೆ ಬೇರೆ ಏನಾದರೂ ಮಾಡೋಣ ಎಂದು 1995ರಲ್ಲಿ ಹೊರಟಾಗ ಗೋಪುರ ಮತ್ತೆ ವಾಲತೊಡಗಿತು, ಓಡಿಹೋಗಿ ಇನ್ನೂ 300 ಟನ್ ಹೇರಬೇಕಾಯಿತು. ಕೊನೆಗೆ ಎತ್ತರದ ಕಡೆಯ ಬುಡದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಗೋಪುರವನ್ನು ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ತಂದರು. ಸೀಸ ತೆಗೆದದ್ದು ಆಮೇಲೆ. ಅಂದರೆ ಮುಂದಿನ ಕೆಲಸ ಮುಗಿದು ಅದು ಹಿಡಿದಿದೆ ಎಂದು ಅಳತೆಯಲ್ಲಿ ಕಂಡಮೇಲೆ ಆಸರೆ ಬಿಚ್ಚಬೇಕು. ಜಾತ್ರೆ ಬಂತು, ಸಚಿವರು ಬರುತ್ತಾರೆ ಎಂದು ಬಿಚ್ಚುವುದಲ್ಲ.

ನಿಮ್ಮದು ಮರದ ತೊಲೆಯಾದರೆ ಈ ವಾರವೇ ಹೋಗಿ ಬುಡ ನೋಡಿ. ಚಾಕುವಿನ ತುದಿ ಚುಚ್ಚಿ, ಬೆಣ್ಣೆಯ ಹಾಗೆ ಇಳಿದರೆ ಆ ತೊಲೆ ಈಗ ಏನನ್ನೂ ಹಿಡಿದಿಲ್ಲ. ಆದರೂ ತಕ್ಷಣ ತೆಗೆಯಬೇಡಿ, ಪಕ್ಕದಲ್ಲಿ ಹೊಸದನ್ನು ಕೊಟ್ಟು ಆಮೇಲೆ ತೆಗೆಯಿರಿ, ಒಂದು ಸಲಕ್ಕೆ ಒಂದೇ. ಮರ ಒಣಗಿ ಕುಗ್ಗಿ ಬೆಣೆ ಸಡಿಲವಾಗಿರುತ್ತದೆ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಕಬ್ಬಿಣವಾದರೆ ನೆಲಕ್ಕೆ ತಾಗುವ ಕಡೆ ತುಕ್ಕು, ಸ್ಕ್ರೂ ಜಾಕ್‌ನ ಸುರುಳಿ ಎಳೆಗಳು, ಕ್ಲಾಂಪ್‌ಗಳು. ಅಡಿಹಲಗೆಯ ಕೆಳಗೆ ಮಣ್ಣು ಕೊಚ್ಚಿಹೋಗಿದೆಯಾ ನೋಡಿ. ಇದನ್ನು ಪ್ರತಿ ದೊಡ್ಡ ಮಳೆ, ಗಾಳಿ ಆದಮೇಲೆ ಮಾಡಬೇಕು, ಬೇರೆ ಸಮಯದಲ್ಲಿ ತಿಂಗಳಿಗೊಮ್ಮೆ. ಆಸರೆಯ ಮೇಲೇ ಒಂದು ತಗಡು ಕಟ್ಟಿ: ಯಾವತ್ತು ಕೊಟ್ಟದ್ದು, ಯಾರು ನೋಡಿಕೊಳ್ಳುವವರು, ಫೋನ್ ನಂಬರ್, ಕೊನೆಯ ಸಲ ನೋಡಿದ ತಾರೀಕು. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಇದೇ ವಿವರವನ್ನು ಫೋಟೊ ಸಮೇತ ಸಂಬಂಧಪಟ್ಟ ಇಲಾಖೆಗೆ ಬರೆದು ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.